ತೋರಿಸುವ ಮನೆಗಳ ಬೆಳಕಕ್ಕ

ಬುಧವಾರ, ಬೆಳಗಿನ ಆರು ಗಂಟೆ. ಖಾಲಿ ಮನೆಯ ನಡುಕೋಣೆಯಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕುಳಿತು ಬೆಳಕಕ್ಕ ಗೋಡೆ ನೋಡುತ್ತಿದ್ದಾರೆ. ತಲೆಗೆ ಬಟ್ಟೆ ಬಿಗಿದಿದ್ದಾರೆ. ಕಾಲ ಬಳಿ ಪೊರಕೆ, ಗೋಡೆ ಕೆರೆಯುವ ತಗಡು, ಹಳೆಯ ಬನಿಯನ್ನಿನ ತುಂಡುಗಳು, ಬಾಗಿಲ ತಿರುಗಣೆಗೆ ಬಿಡಲು ಸೀಸೆಯಲ್ಲಿ ಎಣ್ಣೆ. ಎಲ್ಲ ಸಿದ್ಧ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಒಂದನ್ನೂ ಮುಟ್ಟುತ್ತಿಲ್ಲ. ದುಡಿಯುವವರ ಬಗ್ಗೆ ಬರೆಯುತ್ತೇನೆಂದು ಕತ್ತಲಲ್ಲೇ ಎದ್ದು, ಎರಡು ಬಸ್ ಬದಲಿಸಿ ಬಂದ ನನಗೆ ಒಳಗೊಳಗೇ ಪೀಕಲಾಟ. ಕೆಲಸವೇ ನಡೆಯದಿದ್ದರೆ ನಾನು ಬರೆಯುವುದಾದರೂ ಏನನ್ನು?

"ಇವತ್ತು ಶುರು ಮಾಡಲ್ವಾ ಅಕ್ಕ?" ಎಂದು ಮೆಲ್ಲಗೆ ಕೇಳುತ್ತೇನೆ.

"ಅದೇ ಯೋಚ್ನೆ ಮಾಡ್ತಿದೀನಿ ಕಣಮ್ಮ. ಮಾಡ್ಲೋ ಬೇಡ್ವೋ ಅಂತ."

ಹದಿನೇಳು ವರ್ಷದಲ್ಲಿ ಈ ಪ್ರಶ್ನೆ ಅವರಿಗೆ ಬಂದಿರುವುದು ಇದೇ ಮೊದಲು. ಯಾಕೆಂದು ತಿಳಿಯಬೇಕಾದರೆ ಅವರ ಕಸುಬು ಏನೆಂದು ಮೊದಲು ಹೇಳಬೇಕು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮನೆ ಮಾರಿ ನೋಡು ಎಂದು ಯಾರೂ ಹೇಳಲಿಲ್ಲ. ಕೊಳ್ಳುವವರು ಬಂದು ನೋಡುವ ಮುನ್ನ ಮನೆಯನ್ನು ನೋಡುವ ಹಾಗೆ ಮಾಡಬೇಕಲ್ಲ, ಅದೇ ಬೆಳಕಕ್ಕನ ಕೆಲಸ. ಮನೆಯವರು ಇಪ್ಪತ್ತು ವರ್ಷ ತುಂಬಿಟ್ಟದ್ದನ್ನು ಖಾಲಿ ಮಾಡಿಸುತ್ತಾರೆ, ಕಿಟಕಿ ತೊಳೆಯುತ್ತಾರೆ, ಕಿರುಗುಟ್ಟುವ ಬಾಗಿಲ ಬಾಯಿ ಮುಚ್ಚಿಸುತ್ತಾರೆ, ಗೋಡೆಯ ಮೊಳೆತೂತು ಮೆತ್ತುತ್ತಾರೆ. ಶನಿವಾರ ಕೊಳ್ಳುವವರು ಬಂದು "ಅಬ್ಬಾ, ಎಷ್ಟು ಬೆಳಕಿದೆ ಮನೇಲಿ!" ಎನ್ನುವ ಹೊತ್ತಿಗೆ ಇವರು ಹಿತ್ತಿಲ ಬಾಗಿಲಿನಿಂದ ಪೊರಕೆ ಹಿಡಿದು ಹೊರಟಾಗಿರುತ್ತದೆ. ಹೊಗಳಿಕೆ ಕಿಟಕಿಗೆ, ಮಂಡಿನೋವು ಇವರಿಗೆ. ದಲ್ಲಾಳಿಗಳು ಇಟ್ಟ ಹೆಸರೇ ಬೆಳಕಕ್ಕ.

ಮೊದಲು ಅವರು ಒಂದು ಲಾಡ್ಜಿನಲ್ಲಿ ಹಾಸಿಗೆಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಲಾಡ್ಜಿಗೆ ಬೀಗ ಬಿತ್ತು. ಅಲ್ಲೇ ಇಳಿದುಕೊಳ್ಳುತ್ತಿದ್ದ ದಲ್ಲಾಳಿಯೊಬ್ಬರು, ಎಂಟು ತಿಂಗಳಿಂದ ಯಾರೂ ಕೊಳ್ಳದ ಮನೆಯೊಂದನ್ನು ಗುಡಿಸಿಕೊಡಲು ಕರೆದರು. ಗುಡಿಸಲು ಅಡ್ಡವಾಗಿದ್ದ ಅಲ್ಮೇರಾವನ್ನು ಇವರು ಪಕ್ಕಕ್ಕೆ ಸರಿಸಿದರೆ ಹಿಂದೆ ಒಂದು ಕಿಟಕಿ! ನಾಲ್ಕೇ ದಿನದಲ್ಲಿ ಆ ಮನೆ ಮಾರಿಹೋಯಿತು.

"ನಾನೇನೂ ಮಾಡ್ಲಿಲ್ಲ. ಕಿಟಕಿ ಮೊದ್ಲಿಂದ್ಲೂ ಅಲ್ಲೇ ಇತ್ತು," ಎನ್ನುತ್ತಾರೆ ಬೆಳಕಕ್ಕ.

ಅಲ್ಲಿಂದ ಇಲ್ಲಿಯವರೆಗೆ ಇನ್ನೂರ ಹತ್ತು ಮನೆ. ಒಂದು ಮನೆಗೆ ನಾಲ್ಕು ದಿನ. ಮೊದಲ ದಿನ ಬರೀ ಹೊರಗೆ ಹಾಕುವುದು, ಎರಡನೆಯ ದಿನ ನಲವತ್ತು ಬಕೆಟ್ ನೀರು. ಗೋಡೆಯ ಮೇಲ್ಭಾಗ ಒರೆಸಲು ದಿನಕ್ಕೆ ನೂರು ಸಲವಾದರೂ ಸ್ಟೂಲು ಹತ್ತಿ ಇಳಿಯುತ್ತಾರೆ. ಬಲಭುಜ ಈಗ ಕಿವಿಗಿಂತ ಮೇಲೆ ಏಳುವುದಿಲ್ಲ. ಎಡಗೈಯಲ್ಲಿ ಒರೆಸುವುದನ್ನು ನಲವತ್ತೈದನೆಯ ವಯಸ್ಸಿನಲ್ಲಿ ಕಲಿತರು.

ಅವರದೊಂದು ಹಟ ಇದೆ. ತೇವ ಹಿಡಿದ ಗೋಡೆಯ ಮೇಲೆ ಬಣ್ಣ ಬಳಿಯುವುದಿಲ್ಲ. ತೇವ ಎಲ್ಲಿಯವರೆಗೆ ಹರಡಿದೆಯೋ ಅಷ್ಟಕ್ಕೂ ಪೆನ್ಸಿಲಿನಲ್ಲಿ ಸುತ್ತು ಗೆರೆ ಎಳೆದು, ಒಳಗೆ ತಾರೀಕು ಬರೆಯುತ್ತಾರೆ. ರಿಪೇರಿ ಮಾಡಿಸಿ, ಇಲ್ಲವೇ ಕೊಳ್ಳುವವರಿಗೆ ಬಾಯಿಬಿಟ್ಟು ಹೇಳಿ ಎನ್ನುತ್ತಾರೆ. "ಮೇಲೆ ಬಣ್ಣ ಬಳಿದ್ರೆ ಮೂರು ತಿಂಗ್ಳು ಸುಮ್ನಿರತ್ತೆ. ಆಮೇಲೆ ಉಬ್ಬಿ ಉದುರೋವಾಗ ಮನೆ ತಗೊಂಡೋರ ಹೊಟ್ಟೆ ಉರಿಯತ್ತಲ್ಲ, ಆ ಶಾಪ ನಂಗ್ಯಾಕೆ?" ಈ ಹಟಕ್ಕೆ ಇಬ್ಬರು ದಲ್ಲಾಳಿಗಳು ಇವರನ್ನು ಕರೆಯುವುದನ್ನೇ ಬಿಟ್ಟಿದ್ದಾರೆ. ಹೋದರೆ ಹೋಗಲಿ ಎನ್ನುವಷ್ಟು ಅನುಕೂಲವೇನೂ ಇವರಿಗಿಲ್ಲ. ಆದರೂ ಗೆರೆ ಎಳೆಯುವುದನ್ನು ಬಿಟ್ಟಿಲ್ಲ.

ಇನ್ನು ಅವರ ಸ್ವಂತ ವಾಸದ ಮಾತು. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಹಾಗೆ. ಸೈಕಲ್ ಅಂಗಡಿಯ ಮಹಡಿಯಲ್ಲಿ ಒಂದೂವರೆ ಕೋಣೆ, ಇರುವ ಒಂದೇ ಕಿಟಕಿ ತೆರೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ನರ್ಸಿಂಗ್ ಓದುವ ಮಗಳು ಹಗಲಲ್ಲೂ ದೀಪ ಹಾಕಿಕೊಂಡು ಒಲೆಯ ಪಕ್ಕ ಕೂರುತ್ತಾಳೆ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಈಗ ಆ ಕಟ್ಟಡವನ್ನೇ ಕೆಡವುತ್ತಾರಂತೆ, ಎರಡು ತಿಂಗಳಲ್ಲಿ ಖಾಲಿ ಮಾಡಬೇಕು. ಬಾಡಿಗೆ ಸಾಕು, ಚಿಕ್ಕದಾದರೂ ನಮ್ಮದೇ ಇರಲಿ ಎಂದು ಗಂಡ ಹೆಂಡತಿ ಬ್ಯಾಂಕಿಗೆ ಅಲೆದಿದ್ದಾರೆ. ಕೂಡಿಟ್ಟದ್ದೂ ಬ್ಯಾಂಕು ಕೊಡುವುದೂ ಸೇರಿ ಒಂದು ಮಿತಿ ಇದೆ. ಅದನ್ನು ಒಂದು ರೂಪಾಯಿ ದಾಟುವಂತಿಲ್ಲ.

ಕಳೆದ ತಿಂಗಳು ಆ ಮಿತಿಯೊಳಗೆ ಒಂದು ಮನೆ ಸಿಕ್ಕಿಯೇ ಬಿಟ್ಟಿತ್ತು. ಅದು ಕೈತಪ್ಪಿದ ಕತೆಯನ್ನು ಗಂಡ ಹಣೆ ಚಚ್ಚಿಕೊಂಡು ಹೇಳುತ್ತಾರೆ, ನಡುನಡುವೆ ನಗುತ್ತಾರೆ.

"ನಾನು ಓನರ್ ಹತ್ರ ಮಾತಾಡ್ತಾ ಹೊರಗೆ ನಿಂತಿದ್ದೆ. ಇವ್ಳು ಮನೆ ನೋಡ್ತೀನಿ ಅಂತ ಒಳಗೆ ಹೋದೋಳು ಪತ್ತೇನೇ ಇಲ್ಲ! ಹೋಗಿ ನೋಡಿದ್ರೆ ಅಡುಗೆಮನೆ ಕಿಟಕಿ ಉಜ್ಜಿ ಫಳಫಳ ಮಾಡಿದಾಳೆ. ಮಂಚ ಸರಿಸಿದಾಳೆ. ಬಾಗಿಲಿಗೆ ಎಣ್ಣೆ ಬೇರೆ ಬಿಡ್ತಿದಾಳೆ. ನಾಳೆ ಬಂದು ಮಾತು ಮುಗಿಸ್ತೀವಿ ಅಂತ ಹೇಳಿ ಬಂದ್ವಿ. ಅರ್ಧ ಗಂಟೆಗೆ ಇನ್ಯಾರೋ ನೋಡೋಕೆ ಬಂದ್ರಂತೆ. ನಿಂತ ಕಾಲಲ್ಲೇ ಅಡ್ವಾನ್ಸ್ ಕೊಟ್ಟು ಹೋದ್ರಂತೆ!"

"ಕೈ ಸುಮ್ನಿರಲ್ಲ, ಏನ್ಮಾಡ್ಲಿ?" ಎನ್ನುತ್ತಾರೆ ಬೆಳಕಕ್ಕ. ಅವರಿಗೆ ನಗು ಬರುವುದಿಲ್ಲ. ಮೂರು ದಿನ ಅನ್ನ ಸೇರದೆ ಅತ್ತಿದ್ದರಂತೆ. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡೆ ಎಂಬ ಸಂಕಟ ಈಗಲೂ ಮುಖದ ಮೇಲಿದೆ.

ಅದಾದ ಮೇಲೆ ಬಂದದ್ದೇ ಈ ಮನೆಯ ಕೆಲಸ. ಮನೆ ಒಬ್ಬ ಟೈಪಿಂಗ್ ಟೀಚರಮ್ಮನವರದು. ಕ್ಲಾಸು ಮುಚ್ಚಿ, ಎರಡು ಬೀದಿ ಆಚೆ ತಂಗಿಯ ಮನೆಗೆ ಹೋಗಿದ್ದಾರೆ. ಶನಿವಾರ ದಲ್ಲಾಳಿ ಕೀಲಿಕೈ ಕೊಟ್ಟು, ಮುಂದಿನ ಶನಿವಾರಕ್ಕೆ ಸಿದ್ಧವಾಗಿರಲಿ ಎಂದರು. ಬೆಳಕಕ್ಕ ಬಾಗಿಲು ತೆಗೆದವರೇ ಅಲ್ಲೇ ನಿಂತರು. ಎರಡು ಕೋಣೆ, ಅಡುಗೆಮನೆ, ಹಿಂದೆ ನಲ್ಲಿ ಇರುವ ಪುಟ್ಟ ಅಂಗಳ. ಮೂಡಣ ಗೋಡೆಗೆ ಒಂದು ದೊಡ್ಡ ಅಲ್ಮೇರಾ ಒರಗಿದೆ. ಅದರ ಹಿಂದೆ ಏನಿದೆಯೆಂದು ಹೊರಗಿನಿಂದ ನೋಡಿದ್ದ ಇವರಿಗೆ ಗೊತ್ತು.

ಈಗಿರುವ ಕೊಳಕು ಸ್ಥಿತಿಯಲ್ಲೇ ಮಾರಿದರೆ ಬರುವ ಬೆಲೆ, ದಲ್ಲಾಳಿಯ ಪ್ರಕಾರ, ಇವರ ಮಿತಿಗಿಂತ ಒಂದಿಷ್ಟು ಕಡಿಮೆ. ಬೆಳಕಕ್ಕನ ಕೈ ಬಿದ್ದರೆ ಬೆಲೆ ಏರುತ್ತದೆ, ಇವರ ಕೈಗೇ ಎಟುಕುವುದಿಲ್ಲ. ಭಾನುವಾರ, ಸೋಮವಾರ, ಮಂಗಳವಾರ ಬಂದು ಈ ಬಕೆಟ್ ಮೇಲೆ ಕುಳಿತು ಹೋಗಿದ್ದಾರೆ.

"ನಮ್ಮ ಯಜಮಾನ್ರು ಹೇಳ್ತಾರೆ, ಇಷ್ಟು ಜನಕ್ಕೆ ಮಾಡಿದೀಯ, ಒಂದ್ಸಲ ನಿನಗೋಸ್ಕರ ಕೈಕಟ್ಟಿ ಕೂತ್ಕೋ ಅಂತ. ಅವ್ರು ಹೇಳೋದೂ ತಪ್ಪಲ್ಲ. ಮಗಳ ಮುಖ ನೋಡಿದ್ರೆ ಹಾಗೇ ಮಾಡೋಣ ಅನ್ಸತ್ತೆ. ಆದ್ರೆ ಟೀಚರಮ್ಮ ನನ್ನ ನಂಬಿ ಕೀಲಿಕೈ ಕೊಡ್ಸಿದಾರೆ. ಅವ್ರ ಕಣ್ಣಿಗೆ ಮಣ್ಣೆರಚಿ ತಗೊಂಡ ಮನೇಲಿ ನಂಗೆ ನಿದ್ದೆ ಬರತ್ತಾ?"

ನನ್ನ ಉತ್ತರಕ್ಕೆ ಕಾಯದೆ ಆರೂ ಮುಕ್ಕಾಲಿಗೆ ಏಳುತ್ತಾರೆ. ಹಳೆಯ ಕಂಬಳಿ ಮಡಿಸಿ ಅಲ್ಮೇರಾದ ಕಾಲಡಿ ತುರುಕುತ್ತಾರೆ. "ಬರೆಯೋದು ಆಮೇಲೆ, ಒಂದು ಕೈ ಹಚ್ಚಿ" ಎಂದು ನನ್ನನ್ನೂ ಕರೆಯುತ್ತಾರೆ. ಇಬ್ಬರೂ ಏದುಸಿರು ಬಿಡುತ್ತಾ ತಳ್ಳುತ್ತೇವೆ. ಕಿಟಕಿಯ ಕದ ಅಂಟಿಕೊಂಡಿದೆ, ಎಡಗೈಯಿಂದ ಎರಡೇಟು ಹಾಕಿ ತೆರೆಯುತ್ತಾರೆ. ಬೆಳಗಿನ ಬಿಸಿಲು ನಡುಕೋಣೆ ದಾಟಿ ಅಡುಗೆಮನೆಯ ಹೊಸ್ತಿಲವರೆಗೆ ಬೀಳುತ್ತದೆ. ಧೂಳು ಕುಣಿಯುತ್ತದೆ, ನನಗೆ ಸೀನು. ಬೆಳಕಕ್ಕ ಪೊರಕೆ ಎತ್ತುವ ಬದಲು ಫೋನ್ ಎತ್ತುತ್ತಾರೆ.

"ಟೀಚರಮ್ಮ, ಈಗ್ಲೇ ಒಂದು ಗಳಿಗೆ ಬಂದು ಹೋಗ್ತೀರಾ?"

ಕಾಲು ಗಂಟೆಯಲ್ಲಿ ಟೀಚರಮ್ಮ ಬಂದು ಬಾಗಿಲಲ್ಲೇ ನಿಲ್ಲುತ್ತಾರೆ. "ಅಯ್ಯೋ, ಈ ಕಿಟಕಿ ಇತ್ತು ಅನ್ನೋದೇ ಮರ್ತುಹೋಗಿತ್ತು!" ಎನ್ನುತ್ತಾರೆ. ಬೆಳಕಕ್ಕ ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಡುತ್ತಾರೆ.

"ಈ ಮನೆ ನಂಗೆ ಬೇಕು ಟೀಚರಮ್ಮ. ಕೊಳೆಯಾಗಿದ್ರೆ ಬೆಲೆ ಕಮ್ಮಿ ಇರತ್ತೆ ಅಂತ ಮೂರು ದಿನ ಕೆಲ್ಸ ಮುಟ್ಟಿಲ್ಲ. ತಪ್ಪಾಯ್ತು. ಈಗ ನೋಡಿ, ನಿಮ್ಮ ಮನೆ ಹೀಗಿದೆ. ಬಚ್ಚಲ ಗೋಡೆ ತೇವ ಹಿಡಿದಿದೆ, ಅದನ್ನೂ ನೋಡಿ. ಎಲ್ಲಾ ನೋಡಿ ಬೆಲೆ ಹೇಳಿ. ಎಟುಕಿದ್ರೆ ತಗೋತೀನಿ. ಇಲ್ದಿದ್ರೆ ಶನಿವಾರಕ್ಕೆ ಕನ್ನಡಿ ಥರ ಮಾಡಿ ಕೊಡ್ತೀನಿ, ಮಾತು ತಪ್ಪಲ್ಲ."

ಟೀಚರಮ್ಮ ಕನ್ನಡಕ ಸರಿಮಾಡಿಕೊಳ್ಳುತ್ತಾರೆ. "ಮೂರು ದಿನ ಚಕ್ಕರ್ ಹೊಡೆದ್ರಾ? ನನ್ನ ಕ್ಲಾಸಾಗಿದ್ರೆ ಹೊರಗೆ ನಿಲ್ಲಿಸ್ತಿದ್ದೆ!" ಎಂದು ಗದರಿ, ಒಬ್ಬರೇ ಮನೆಯೆಲ್ಲ ಸುತ್ತುತ್ತಾರೆ. ಬಚ್ಚಲಲ್ಲಿ ತುಂಬ ಹೊತ್ತು ಇರುತ್ತಾರೆ. ಬೆಳಕಕ್ಕನ ಬೆರಳು ತಲೆಗೆ ಕಟ್ಟಿದ ಬಟ್ಟೆಯ ಅಂಚನ್ನು ತಿರುಚುತ್ತಲೇ ಇದೆ.

ಹೊರಬಂದು ಒಂದು ಬೆಲೆ ಹೇಳುತ್ತಾರೆ. ದಲ್ಲಾಳಿ ಅಂದಾಜಿಸಿದ್ದಕ್ಕಿಂತ ಜಾಸ್ತಿ, ಇವರ ಮಿತಿಗಿಂತಲೂ ಜಾಸ್ತಿ. ಬೆಳಕಕ್ಕ ತಲೆಯಾಡಿಸಿ, ಬಗ್ಗಿ ಪೊರಕೆ ಕೈಗೆತ್ತಿಕೊಳ್ಳುತ್ತಾರೆ.

"ಇರಿ ಇರಿ, ನನ್ನ ಮಾತು ಮುಗೀಲಿಲ್ಲ. ಆ ಬಚ್ಚಲ ಗೋಡೆ ಕಿತ್ತು ಕಟ್ಟಿಸ್ಬೇಕು. ನೀವು ಹೇಳ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ಅದನ್ನ ಕೈಲಾದಾಗ ನೀವೇ ಕಟ್ಟಿಸ್ಕೊಳ್ಳಿ, ಅದರ ಖರ್ಚು ಬೆಲೇಲಿ ಕಳೀತೀನಿ. ಕೊಳ್ಳೋರು ನೀವೇ ಆದ್ಮೇಲೆ ನಿಮ್ಮ ಕೂಲಿ ನಂಗೆ ಉಳೀತು, ಅದನ್ನೂ ಕಳೀರಿ. ಈಗ ಎಷ್ಟಾಯ್ತು?"

ಬೆಳಕಕ್ಕ ಬೆರಳು ಮಡಚುತ್ತಾರೆ. ಮತ್ತೆ ಬಿಡಿಸಿ ಮೊದಲಿನಿಂದ ಮಡಚುತ್ತಾರೆ. ಮಿತಿಗೆ ಸರಿಯಾಗಿ ತಾಗಿ ನಿಂತಿದೆ. ಅವರು ಗೋಡೆಗೆ ಒರಗಿ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ.

ಹನ್ನೊಂದಕ್ಕೆ ಗಂಡ ಗ್ರೀಸು ಮೆತ್ತಿದ ಬಟ್ಟೆಯಲ್ಲೇ ಓಡಿ ಬರುತ್ತಾರೆ. "ಬುದ್ಧಿ ಹೇಳೋಣ ಅಂತ ಬಂದ್ರೆ ಇವ್ಳು ಮನೆನೇ ತಗೊಂಡು ಕೂತಿದಾಳಲ್ಲ!" ದಲ್ಲಾಳಿ ಮೊದಲು ಮುಖ ಊದಿಸಿಕೊಂಡರು. ತಮ್ಮ ಕಮಿಷನ್‌ಗೆ ಮೋಸವಿಲ್ಲವೆಂದು ತಿಳಿದ ಮೇಲೆ, ಈ ಯೋಚನೆ ತನ್ನದೇ ಎನ್ನುತ್ತಾ ಓಡಾಡುತ್ತಿದ್ದಾರೆ. ಬರುವ ತಿಂಗಳು ನೋಂದಣಿ. ಮಗಳು ಆಗಲೇ ಕಿಟಕಿಯ ಅಳತೆ ತೆಗೆದುಕೊಂಡು ಹೋಗಿದ್ದಾಳೆ, ಅದರ ಕೆಳಗೆ ಓದುವ ಮೇಜು ಹಿಡಿಸುತ್ತದೆಯೋ ಎಂದು.

ಹೊರಡುವ ಮುನ್ನ ಕೇಳುತ್ತೇನೆ, ಇನ್ನೂರ ಹನ್ನೊಂದನೆಯ ಈ ಮನೆಯನ್ನು ಹೇಗೆ ಸಿಂಗರಿಸುತ್ತೀರಿ ಎಂದು. ಬೆಳಕಕ್ಕ ಬೆಳಗಿನಿಂದ ಮೊದಲ ಬಾರಿಗೆ ನಗುತ್ತಾರೆ.

"ಸಿಂಗಾರ ಯಾಕೆ, ಇದನ್ನ ಯಾರಿಗೂ ತೋರಿಸ್ಬೇಕಾಗಿಲ್ವಲ್ಲ! ಮಾರೋ ಮನೇಲಿ ನಾನು ಮೊದ್ಲು ತೆಗೆಯೋದು ಬಾಗಿಲ ಮುಂದಿನ ಚಪ್ಪಲಿ. ಅಲ್ಲಿ ಯಾರೂ ಬಾಳಿಯೇ ಇಲ್ಲ ಅನ್ನೋ ಹಾಗೆ ಇರ್ಬೇಕು, ನೋಡಿ. ನಮ್ಮನೆ ಬಾಗಿಲಲ್ಲಿ ಮೂರು ಜೊತೆ ಚಪ್ಪಲಿ ಒಂದು ಆಚೆ, ಒಂದು ಈಚೆ ಬಿದ್ದಿರ್ಲಿ. ಇಲ್ಲಿ ಜನ ಇದಾರೆ ಅಂತ ದಾರೀಲಿ ಹೋಗೋರಿಗೆ ಗೊತ್ತಾಗ್ಲಿ."