ಅಂಗಡಿಯ ಹೆಸರಿನ ಕೋವಿ

ಕೊಡಗು ಬಿಟ್ಟು ಬಂದು ನೆಲೆಸಿದ ಕ್ರೇಗಿಬರ್ನ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ, ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆಯೊಳಗೆ, ನನ್ನ ಗಂಡನ ಜೋಡುನಳಿಗೆ ಕೋವಿ ಇತ್ತು. ಅಮೆರಿಕದ್ದು, ನಮ್ಮಿಬ್ಬರಿಗಿಂತಲೂ ಹಳೆಯದು, ಅಗ್ಗಕ್ಕೆ ಸಿಕ್ಕಿದ್ದು. ಕೊಡಗಿನವರ ಮನೆಯಲ್ಲಿ ಕೈಲ್ ಮುಹೂರ್ತದ ಹಬ್ಬದ ದಿನ ಪೂಜೆಗೆ ಕೋವಿ ಇಲ್ಲದಿದ್ದರೆ ಹೇಗೆ ಎಂದು ಹಟ ಹಿಡಿದು, ಶೂಟಿಂಗ್ ಕ್ಲಬ್ ಸೇರಿ, ಲೈಸೆನ್ಸ್ ಮಾಡಿಸಿ ತಂದಿದ್ದರು.

ನಳಿಗೆಯ ಬುಡದಲ್ಲಿ ಒಂದು ಹೆಸರು ಕೆತ್ತಿತ್ತು. ಅದು ಕೋವಿ ಮಾಡುವ ಯಾವುದೋ ದೊಡ್ಡ ಮನೆತನದ್ದೆಂದು ಇವರ ನಂಬಿಕೆ. ಭಾನುವಾರವಿಡೀ ಇಂಟರ್ನೆಟ್ಟಿನಲ್ಲಿ ಹಳೆಯ ಕ್ಯಾಟಲಾಗ್ ಹುಡುಕುತ್ತಾ ಕೂರುತ್ತಿದ್ದರು.

“ನೋಡೇ, ನಮಗೆ ಮನೆ ಹೆಸರು ಇರೋ ಹಾಗೆ ಕೋವಿಗೂ ಇರುತ್ತೆ. ಕಂಡುಹಿಡೀತೀನಿ.”

“ಮೊದಲು ಗಟರ್ ಕ್ಲೀನ್ ಮಾಡಿ. ಆಮೇಲೆ ಅದರ ಜಾತಕ ನೋಡಿ,” ಎನ್ನುತ್ತಿದ್ದೆ. ನನ್ನ ನಾಲಿಗೆ ಮೊದಲಿನಿಂದಲೂ ಹಾಗೆಯೇ.

ಕಳೆದ ಚಳಿಗಾಲದಲ್ಲಿ ಇವರು ಹೃದಯಾಘಾತದಿಂದ ಹೋದರು. ನಮ್ಮೂರಿನಲ್ಲಿ ಸಾವಾದ ಮನೆಯವರು ಅಂಗಳದಲ್ಲಿ ನಿಂತು ಎರಡು ಗುಂಡು ಹಾರಿಸುತ್ತಾರೆ. ಆ ಸದ್ದು ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಾರೆ. ಇಲ್ಲಿ ನಾನು ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದೆ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಕೋವಿ ಪೆಟ್ಟಿಗೆಯಲ್ಲೇ ಇತ್ತು. ಅವರನ್ನು ಸದ್ದಿಲ್ಲದೆ ಕಳಿಸಿಬಿಟ್ಟೆವು ಎಂಬ ಸಂಕಟ ಇವತ್ತಿಗೂ ಹೋಗಿಲ್ಲ.

ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಕೋವಿಯನ್ನು ನಾನು ಇಟ್ಟುಕೊಳ್ಳುವಂತಿರಲಿಲ್ಲ. ಸಿಡ್ನಿಯ ಎಪ್ಪಿಂಗ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದೆ. “ನೀನಾದ್ರೂ ಲೈಸೆನ್ಸ್ ಮಾಡಿಸ್ಕೊಳ್ಳೇ. ಅಪ್ಪಂದು ಕಣೇ.”

“ಅಮ್ಮಾ, ಪ್ಲೀಸ್. ಐ ಡೋಂಟ್ ವಾಂಟ್ ಎ ಗನ್ ಇನ್ ಮೈ ಹೌಸ್.”

ಅವಳದ್ದು ತಪ್ಪೆನ್ನಲಾರೆ. ಆದರೂ ಫೋನಿಟ್ಟು ಅತ್ತೆ.

ಉಳಿದದ್ದು ಒಂದೇ ಆಸೆ. ಆ ಹೆಸರು ದೊಡ್ಡದೇ ಆಗಿದ್ದರೆ ಹಳೆಯ ಕೋವಿ ಸಂಗ್ರಹಿಸುವವರು ಯಾರಾದರೂ ಕೊಂಡಾರು, ಎಲ್ಲೋ ಒಂದು ಕಡೆ ಅದು ಉಳಿದೀತು. ಕೋವಿ ವ್ಯಾಪಾರಿಯೊಬ್ಬ ಒಂದು ಶನಿವಾರ ಬೆಳಿಗ್ಗೆ ಮನೆಗೆ ಬಂದ. ವಯಸ್ಸಾದವನು, ಒಳ್ಳೆಯ ಮಾತಿನವನು. ಕನ್ನಡಕ ಏರಿಸಿ ಹೆಸರು ಓದಿ, ನನ್ನ ಮುಖ ನೋಡದೆ ಹೇಳಿದ: ಇದು ಕೋವಿ ಮಾಡಿದವರ ಹೆಸರೇ ಅಲ್ಲ. ಆ ಕಾಲದ ಅಮೆರಿಕದಲ್ಲಿ ಹಾರ್ಡ್‌ವೇರ್ ಅಂಗಡಿಯವರು ಕಾರ್ಖಾನೆಗಳಿಂದ ಅಗ್ಗದ ಕೋವಿ ತರಿಸಿ, ತಮಗೆ ಬೇಕಾದ ಹೆಸರು ಒತ್ತಿಸಿಕೊಳ್ಳುತ್ತಿದ್ದರು. ಒಂದೇ ಕಾರ್ಖಾನೆಯ ಕೋವಿಗೆ ಊರಿಗೊಂದು ಹೆಸರು. ಇದನ್ನು ಯಾರೂ ಕೊಳ್ಳುವುದಿಲ್ಲ, ಒಡೆದು ಕರಗಿಸುತ್ತಾರೆ.

ಮೊಳೆ, ಬಕೆಟ್ ಮಾರುವ ಅಂಗಡಿಯ ಹೆಸರಿಗೆ ಇವರು ವರ್ಷ ವರ್ಷ ಕುಂಕುಮ ಹಚ್ಚಿದ್ದರು. ಅದು ಗೊತ್ತಾಗದೆ ಹೋದದ್ದೇ ಅವರ ಪುಣ್ಯ. ಗೊತ್ತಾದದ್ದು ನನ್ನ ಕರ್ಮ.

ಕರಗಿಸುವ ಮೊದಲು ಎಲ್ಲಾದರೂ ಬಯಲಿನಲ್ಲಿ ಎರಡೇ ಎರಡು ಸಲ ಹಾರಿಸಲು ಆಗುತ್ತದೆಯೇ ಎಂದು ಕೇಳಿದೆ. ಸಾವಿನ ಮನೆಯಲ್ಲಿ ಗುಂಡು ಹಾರಿಸುವ ನಮ್ಮೂರಿನ ಪದ್ಧತಿಯನ್ನೂ ಹೇಳಿದೆ. ಅವನು ಆಗದೆಂದು ತಲೆಯಾಡಿಸಿದ. ನಳಿಗೆ ಸವೆದಿದೆ, ಹಾರಿಸಿದವರ ಕೈಯಲ್ಲೇ ಸಿಡಿದೀತು.

ಆಮೇಲೆ ಕೋವಿಯ ನಳಿಗೆ ಬಗ್ಗಿಸಿ ತೆರೆದು, ಒಳಗೆ ಖಾಲಿಯೆಂದು ನೋಡಿ, ಮುಚ್ಚಿ, ನಳಿಗೆಯ ಬಾಯಿ ನೆಲಕ್ಕೆ ಹಿಡಿದು, ಎರಡೂ ಟ್ರಿಗರ್‌ಗಳನ್ನು ಒಂದಾದ ಮೇಲೊಂದು ಎಳೆದ. ಟಿಕ್. ಟಿಕ್.

ಗ್ಯಾರೇಜಿನ ಬಾಗಿಲು ತೆರೆದೇ ಇತ್ತು. ಪಕ್ಕದ ಮನೆಯಾತ ಹುಲ್ಲು ಕತ್ತರಿಸುತ್ತಿದ್ದ. ಅವನು ಮೆಷಿನ್ ನಿಲ್ಲಿಸಲಿಲ್ಲ.