ಕಲಿಪಾ ತೊಳೆದ ಬೆಟ್ಟಗಳು

ಬೆಟ್ಟಗಳ ಕೆಳಗಿನ ಫ್ರೂಂಜೆ ಪಟ್ಟಣದಲ್ಲಿ ಕಲಿಪಾಳದು ನಮ್ಮ ಎದುರು ಮನೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಗಂಡ ಸುಯುನ್ ಹಿಮನದಿ ಪಕ್ಕದ ಹವಾಮಾನ ಠಾಣೆಯಲ್ಲಿ ಗಾಳಿ, ಹಿಮ ಅಳೆಯುತ್ತಿದ್ದ. ಬದಲಿಗೆ ಯಾರೂ ಸಿಗಲಿಲ್ಲವೆಂದು ಎರಡು ವರ್ಷದಿಂದ ರಜೆಗೂ ಇಳಿದಿರಲಿಲ್ಲ. ಲಾರಿಯವನ ಕೈಯಲ್ಲಿ ಬೆಟ್ಟ, ಹಿಮದ ಚಿತ್ರ ತೆಗೆದ ಕಲರ್ ಸ್ಲೈಡ್ ಫಿಲಂ ಮಾತ್ರ ಕಳಿಸುತ್ತಿದ್ದ. ಅದನ್ನು ತೊಳೆದು ಚಿತ್ರ ಮೂಡಿಸುವ ಕೆಲಸ ಇವಳದು. ನಮ್ಮೂರಲ್ಲಿ ಆಗ ಎಲ್ಲರೂ ಮನೆಯಲ್ಲೇ ತೊಳೆದುಕೊಳ್ಳುತ್ತಿದ್ದರು.

ಬಚ್ಚಲಲ್ಲಿ ದೀಪ ಆರಿಸಿ ಫಿಲಂ ಸುತ್ತಿ ಡಬ್ಬಿಗೆ ಹಾಕುವಳು. ಆಮೇಲೆ ಅಡುಗೆಮನೆಯಲ್ಲಿ ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಡಬ್ಬಿಯಿಟ್ಟು, ಮಗುವಿನ ಸ್ನಾನದ ಥರ್ಮಾಮೀಟರು ನೋಡುತ್ತ, ಒಂದರ ಹಿಂದೊಂದು ಫಿಲಂ ತೊಳೆಯುವ ಔಷಧಿ ಸುರಿಯುವಳು. ಸ್ಲೈಡ್ ಫಿಲಂ ಆದ್ದರಿಂದ ನಡುವೆ ಅದನ್ನು ಹೊರತೆಗೆದು ಬಲ್ಬಿನ ಬೆಳಕು ತಾಗಿಸಬೇಕು, ಮತ್ತೆ ಮುಳುಗಿಸಬೇಕು. ಇಡೀ ಭಾನುವಾರ ಅದಕ್ಕೇ ಹೋಗುತ್ತಿತ್ತು.

ಆ ಭಾನುವಾರ ನಾನು ಹೋದಾಗ ಮೊದಲ ಔಷಧಿಯಲ್ಲೇ ಫಿಲಂ ಹೊತ್ತು ಮೀರಿ ಬಿಟ್ಟು, ಮೇಜಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ಎಬ್ಬಿಸಿದೆ. ಕೊನೆಗೆ ಹಗ್ಗಕ್ಕೆ ನೇತುಹಾಕಿದಾಗ ಎಲ್ಲವೂ ಬಿಳಚಿಕೊಂಡಿತ್ತು.

"ಹಾಳಾಯ್ತಲ್ಲೇ," ಅಂದೆ.

"ಹೋಗ್ಲಿ ಬಿಡಕ್ಕಾ. ಹಿಮ ತಾನೆ, ಇನ್ನೊಂಚೂರು ಬೆಳ್ಳಗಾಯ್ತು."

ಮಗಳು ಬೆರ್ಮೆಟ್ ಕೆಳಗೆ ನಿಂತು ನೋಡಿದಳು. "ಅಪ್ಪ ಎಲ್ಲಿ?"

"ಕ್ಯಾಮೆರಾ ಹಿಂದೆ."

"ಯಾವಾಗ್ಲೂನಾ?"

ಕಲಿಪಾ ಬೋಗುಣಿಯ ನೀರು ಚೆಲ್ಲಿದಳು. ಸೋಮವಾರ ಹವಾಮಾನ ಕಚೇರಿಗೆ ಹೋಗಿ ರೇಡಿಯೋದಲ್ಲಿ ಗಂಡನನ್ನು ಕರೆಸಿದಳು. ನಾನೂ ಜೊತೆಗಿದ್ದೆ. ಕೋಣೆ ತುಂಬ ಜನ.

"ನಿನ್ನ ಬೆಟ್ಟ ತೊಳೆದು ತೊಳೆದು ಸಾಕಾಗಿದೆ ಮಾರಾಯ," ಅಂದಳು. "ನಿನ್ನ ಮುಖ ತೆಗೆದು ಕಳಿಸು. ಇಲ್ಲಾಂದ್ರೆ ಏನೂ ಕಳಿಸ್ಬೇಡ."

ಆ ಕಡೆಯಿಂದ ಕರಕರ ಸದ್ದಿನ ನಡುವೆ "ಆಯ್ತು" ಅಂತ ಒಂದೇ ಮಾತು.

ಮುಂದಿನ ಫಿಲಂನಲ್ಲಿ ಮೊದಲಿಂದ ಕೊನೆತನಕ ಅವನೇ: ಒಲೆ ಮುಂದೆ, ಮಂಚದ ಮೇಲೆ, ಬಾಗಿಲಲ್ಲಿ. ಗಡ್ಡ ನರೆತಿತ್ತು. ಕೆನ್ನೆ ಒಳಗೆ ಹೋಗಿತ್ತು. ಒಂದರಲ್ಲಿ ಮೊಣಕಾಲಿಗೆ ಕಂಬಳಿ ಸುತ್ತಿ, ಕೋಲೂರಿ ನಿಂತಿದ್ದ. ಕಾಲುನೋವಿನ ವಿಷಯ ಅವನು ಹೇಳಿಯೇ ಇರಲಿಲ್ಲ. ಕಲಿಪಾ ಒದ್ದೆ ಫಿಲಂ ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಯಾರಮ್ಮ ಈ ತಾತ?" ಬೆರ್ಮೆಟ್ ಕೇಳಿದಳು.

ಕಲಿಪಾ ಕೂತಳು. ಅಳಲಿಲ್ಲ. ಅಳುವಷ್ಟು ಶಕ್ತಿ ಇರಲಿಲ್ಲವೇನೋ. ಮರುದಿನ ಆಸ್ಪತ್ರೆಯ ವೈದ್ಯರನ್ನು ಹಿಡಿದು, ಅವನ ಕಾಲಿನ ಸ್ಥಿತಿ ಹೇಳಿಸಿ, ಅವನನ್ನು ಕೆಳಗೆ ಕರೆಸಿಕೊಳ್ಳಿ ಎಂದು ಹವಾಮಾನ ಕಚೇರಿಯವರ ಬೆನ್ನುಹತ್ತಿದಳು.

ವಸಂತದಲ್ಲಿ ಸುಯುನ್ ಇಳಿದುಬಂದ. ವಿಮಾನ ನಿಲ್ದಾಣದಲ್ಲಿ ಕೂತು ಮಾಡುವ ಕೆಲಸ ಸಿಕ್ಕಿತು. ಮೊದಲ ವಾರವೆಲ್ಲ ಮಲಗಿದ್ದ. ಇವಳೂ ಡ್ಯೂಟಿ ಮುಗಿಸಿ ಬಂದು ಪಕ್ಕದಲ್ಲೇ ಮಲಗುತ್ತಿದ್ದಳು.

"ಇಬ್ರೂ ಏನೇನು ಮಾತಾಡಿದ್ರಿ?" ಒಂದು ದಿನ ನಮ್ಮ ಕಡೆಯ ಉಪ್ಪುಚಹಾ ಕುಡಿಯುತ್ತ ಕಲಿಪಾಳನ್ನು ಕೇಳಿದೆ.

"ಇನ್ನೂ ಏನೂ ಇಲ್ಲಕ್ಕಾ. ಇಬ್ರಿಗೂ ನಿದ್ದೆನೇ ಮುಗಿದಿಲ್ಲ."