ಕೋಡಿ ಎತ್ತರಿಸಿದ ಮೇಲೆ

ನಮ್ಮೂರ ಕೆರೆಗೆ ಸರಕಾರದ ದುಡ್ಡು ಬಂತೆಂದು ಕೇಳಿದಾಗ ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಶಿಗ್ಗಾಂವಿ ತಾಲೂಕಿನ ಅಂಚಿನ ಊರು ನಮ್ಮದು. ಕೆರೆಯೆಂದರೆ ಹೂಳು, ಜಾಲಿಕಂಟಿ, ಬೇಸಿಗೆಯಲ್ಲಿ ಹುಡುಗರ ಕ್ರಿಕೆಟ್ಟು. ಜೆಸಿಬಿ ಬಂದವು, ಹೂಳು ಹೋಯಿತು, ಏರಿ ಗಟ್ಟಿಯಾಯಿತು. ಕೊನೆಗೆ ಕೋಡಿಗೆ ಕೈ ಹಾಕಿದರು. ಹೆಚ್ಚಾದ ನೀರು ಹರಿದುಹೋಗುತ್ತಿದ್ದ ಹಳೆಯ ಕಲ್ಲಿನ ಕೋಡಿಯನ್ನು ಕಿತ್ತು, ಕಾಂಕ್ರೀಟಿನಲ್ಲಿ ಎದೆಮಟ್ಟ ಎತ್ತರಿಸಿದರು. ಪಕ್ಕದಲ್ಲಿ ಜಲಾನಯನ ಅಭಿವೃದ್ಧಿ ಎಂಬ ದೊಡ್ಡ ಫಲಕ. ಜಲಾನಯನವೆಂದರೆ ಊರಿಂದೂರಿಗೆ ನೀರು ನಡೆಯುವ ಇಡೀ ದಾರಿಯೆಂದು ನಾನು ತಿಳಿದಿದ್ದೆ. ಇವರು ಅದನ್ನು ನಮ್ಮ ಕೋಡಿಗೇ ಮುಗಿಸಿಬಿಟ್ಟಿದ್ದರು.

ಹರಿದುಹೋಗುತ್ತಿದ್ದ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಅದು ಹಳ್ಳ ಹಿಡಿದು ನನ್ನ ಅಕ್ಕನ ಊರಿನ ಕೆರೆಗೆ ಹೋಗುತ್ತಿತ್ತು. ಅದು ಸವಣೂರು ತಾಲೂಕಿನ ಊರು. ಆ ಕೆರೆಯ ಕೆಳಗೆ ಅಕ್ಕನ ವೀಳ್ಯದೆಲೆ ಬಳ್ಳಿಯ ತೋಟ. ಭಾವ ತೀರಿಕೊಂಡ ಮೇಲೆ ಅವಳೇ ನಿಂತು ಬೆಳೆಸಿದ್ದು. ಕೆರೆ ತುಂಬಿದರೆ ಬಾವಿಗೆ ನೀರು, ಬಾವಿಯಲ್ಲಿ ನೀರಿದ್ದರೆ ಬಳ್ಳಿ. ಅವಳ ಬದುಕು ಅಷ್ಟೇ.

ಆ ಮಳೆಗಾಲ ನಮ್ಮ ಕೆರೆ ಕೋಡಿಯ ಅಂಚಿಗೆ ಬಂದು ನಿಂತಿತು, ದಾಟಲಿಲ್ಲ. ಕೆರೆ ತುಂಬಿತೆಂದು ಊರವರು ನೀರಿನ ತಾಯಿ ಗಂಗವ್ವನ ಉಡಿ ತುಂಬಲು ಹೊರಟರು. ಉಡಿಗೆ ಎಲೆ ತಂದವಳು ಅಕ್ಕನೇ. ಏರಿಯ ಮೇಲೆ ನಿಂತು ಬಹಳ ಹೊತ್ತು ನೀರು ನೋಡಿದಳು.

"ಚಲೋ ತುಂಬೇತಿ. ನಮಗ ಯಾವಾಗ ಬಿಡ್ತೀರಿ?"

ಹೆಂಗಸರು ತಮಾಷೆಯೆಂದು ನಕ್ಕರು. ನನಗೆ ನಗು ಬರಲಿಲ್ಲ.

ಮರುವಾರ ಕೆರೆಯ ಕೆಲಸ ಮಾಡಿಸಿದ ಇಲಾಖೆಯ ಕಚೇರಿಗೆ ಹೋದೆ. ಸಾಹೇಬರು ಕೂರಿಸಿ ಮಾತಾಡಿಸಿದರು.

"ನಿಮ್ಮ ಕೆರಿ ತುಂಬೇತೆಲ್ರಿ, ಮತ್ತ ಯಾಕ ತಕರಾರು?"

"ನಮ್ಮಕ್ಕನ ಊರಿಗೆ ನೀರು ಹೋಗವಲ್ದರಿ."

"ಅದು ಬ್ಯಾರೆ ತಾಲೂಕರಿ. ಅವ್ರೂ ಅರ್ಜಿ ಕೊಡ್ಲಿ, ಮುಂದಿನ ಸಲ ಅವ್ರ ಕೆರಿ ಹೂಳೂ ತಗಸೋಣು."

ನೀರೇ ಬಾರದ ಕೆರೆಯ ಹೂಳು ತೆಗೆಸಿ ಏನು ಮಾಡುವುದು? ಮೇಜು ಗುದ್ದಿ ಕೂಗಬೇಕೆನಿಸಿತು. ಅವರು ಚಹಾ ತರಿಸಿದರು. ಕುಡಿದು ಎದ್ದು ಬಂದೆ.

ಊರಲ್ಲಿ, ನೀರು ಹೋಗಲು ಕೋಡಿಗೆ ಒಂದು ಕಂಡಿಯಾದರೂ ಬಿಡೋಣ ಎಂದೆ. ಸರಕಾರದ ಕಾಮಗಾರಿ ಮುಟ್ಟಿದರೆ ಕೇಸಾಗುತ್ತದೆ ಎಂದರು. ಒಬ್ಬ ಹಿರಿಯರು, "ಅಕ್ಕನ ಮ್ಯಾಲ ಅಷ್ಟು ಜೀವ ಇದ್ರ ನಿನ್ನ ಬೋರಿನ ನೀರು ಕಳಸು" ಎಂದು ಚುಚ್ಚಿದರು. ನನ್ನ ಬೋರಿನಲ್ಲಿ ನಿಜಕ್ಕೂ ನೀರು ಏರಿತ್ತು. ಹೊಲವೂ ಹಸಿರಾಗಿತ್ತು. ಊರವರು ಕೆಟ್ಟವರಲ್ಲ, ಎಷ್ಟೋ ವರ್ಷ ಒಣಕೆರೆ ನೋಡಿ ಬೇಸತ್ತವರು. ಸಾಹೇಬರೂ ಲಂಚ ಕೇಳಲಿಲ್ಲ. ಬೈಯಲು ಒಬ್ಬರೂ ಸಿಗದೆ ನಾನು ಪೂರಾ ಸೋತುಹೋದೆ.

ಬಿಸಿಲು ಏರುವ ಕಾಲಕ್ಕೆ ಅಕ್ಕನ ಊರಿಗೆ ಹೋದೆ. ಅವರ ಕೆರೆಯಲ್ಲಿ ಕುರಿ ಮೇಯುತ್ತಿದ್ದವು. ಬಾವಿಯ ತಳ ಕಾಣುತ್ತಿತ್ತು. ಅಕ್ಕ ಊಟಕ್ಕಿಟ್ಟಳು, ಮಕ್ಕಳ ಸುದ್ದಿ ಕೇಳಿದಳು, ಕೆರೆಯ ಮಾತೆತ್ತಲಿಲ್ಲ. ನಾನೇ ತೋಟ ನೋಡಿಬರೋಣ ಎಂದೆ.

ಎಲೆಬಳ್ಳಿ ದೇವರೆಂದು ಆ ತೋಟದೊಳಗೆ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಎಲೆ ಕೊಳ್ಳಲು ಬಂದ ಎಂಥ ಸಾಹುಕಾರನಾದರೂ ಬೇಲಿಯ ಹೊರಗೇ ಬಿಡಬೇಕು, ಇಲ್ಲದಿದ್ದರೆ ಅಕ್ಕ ಅವನ ಮಾನ ಕಳೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಚಪ್ಪಲಿ ಬಿಡಲು ಬಗ್ಗಿದೆ. ಅಕ್ಕ ಮುಂದೆ ಹೋಗಿದ್ದಳು. ತಿರುಗಿ ನೋಡದೆಯೇ ಹೇಳಿದಳು:

"ಇರಲಿ ಬಿಡೊ, ಮೆಟ್ಕೊಂಡ ಬಾ. ಒಣಾ ಬಳ್ಳಿ ಕಾಲಿಗೆ ಚುಚ್ಚತಾವು."